ಅರ್ಧ ವೈನ್ ಪೀಪಾಯಿಯಲ್ಲಿ ಗುಲಾಬಿ, ದಾಸವಾಳ ಬೆಳೆಸಬಹುದೇ?

ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ಗೆ ಹೊಸದಾಗಿ ಬಂದಿದ್ದೀರಿ, ಬಾಡಿಗೆ ಮನೆ, ಹಿತ್ತಲಿಗೆಲ್ಲ ಕಾಂಕ್ರೀಟು. ಅರ್ಧಕ್ಕೆ ಕೊಯ್ದ ವೈನ್ ಪೀಪಾಯಿಗಳಲ್ಲಿ ಗುಲಾಬಿ, ದಾಸವಾಳ, ದುಂಡುಮಲ್ಲಿಗೆ ಬರುತ್ತವೆಯೇ, ಉಳಿದ ವೈನ್‌ಗೆ ಬೇರು ಸಾಯುತ್ತದೆಯೇ, ಆ ಹೂವನ್ನು ದೇವರಿಗೆ ಏರಿಸಬಹುದೇ ಎಂದು ಅತ್ತೆಯವರ ಅನುಮಾನ. ಇಷ್ಟು ನಿಮ್ಮ ಪ್ರಶ್ನೆ.

ಗುಲಾಬಿ, ದಾಸವಾಳ ಎರಡೂ ಚೆನ್ನಾಗಿ ಬರುತ್ತವೆ. ಮಲ್ಲಿಗೆಯನ್ನು ಮಾತ್ರ ಪೀಪಾಯಿಗೆ ಹಾಕಬೇಡಿ, ಕಾರಣ ಮುಂದೆ ಹೇಳುತ್ತೇನೆ. ನಾನೂ ಇದೇ ಊರಿನಲ್ಲಿ ಒಂಬತ್ತು ವರ್ಷದಿಂದ ಆರು ಪೀಪಾಯಿ ಇಟ್ಟುಕೊಂಡಿದ್ದೇನೆ.

ಮೊದಲು ಪೀಪಾಯಿ ಅಸಲಿಯೇ ಎಂದು ನೋಡಿ. ನಮ್ಮ ಕಣಿವೆಯಲ್ಲಿ 1880ರ ದಶಕದಿಂದಲೂ ವೈನ್ ಮಾಡುತ್ತಾರೆ. ಸಾಮಾನ್ಯ ವೈನ್ ಪೀಪಾಯಿ 225 ಲೀಟರಿನದು, ಓಕ್ ಮರದ್ದು. ಕೆಲವು ವರ್ಷ ಬಳಸಿದ ಮೇಲೆ ಮರ ವೈನಿಗೆ ರುಚಿ ಕೊಡುವುದನ್ನು ನಿಲ್ಲಿಸುತ್ತದೆ. ಆಮೇಲೆ ಅದು ನಮ್ಮಂಥವರ ಕೈಗೆ ಬರುತ್ತದೆ. ಅಸಲಿ ಪೀಪಾಯಿಯ ಹಲಗೆ ಸುಮಾರು ಒಂದು ಇಂಚು ದಪ್ಪ, ಒಳಗೆ ದ್ರಾಕ್ಷಿಯ ಕಲೆ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅಂಗಡಿಗಳಲ್ಲಿ ಅದೇ ಆಕಾರದ, ತೆಳು ಹಲಗೆಯ ತೊಟ್ಟಿಗಳೂ ಸಿಗುತ್ತವೆ. ನಾನು ಕೊಂಡಿದ್ದ ಅಂಥ ಒಂದು ತೊಟ್ಟಿ ಮೂರನೆಯ ಮಳೆಗಾಲಕ್ಕೆ ತಳ ಕಳಚಿಕೊಂಡಿತು.

ಪೀಪಾಯಿಗೆ ಅಂಟಿಲ್ಲ, ಮೊಳೆಯ ಆಧಾರವಿಲ್ಲ. ನೆನೆದ ಹಲಗೆ ಉಬ್ಬಿ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡಿರುವುದರಿಂದಲೇ ಅದು ನಿಂತಿರುತ್ತದೆ. ಇದು ತಿಳಿಯದೆ ನಾನು ಎರಡನೆಯ ಪೀಪಾಯಿಯನ್ನು ತಂದು, ಗಿಡ ಆಮೇಲೆ ನೆಟ್ಟರಾಯಿತು ಎಂದು ಬಿಸಿಲಲ್ಲಿ ಖಾಲಿ ಇಟ್ಟು ಊರಿಗೆ ಹೋದೆ. ಐದು ವಾರ ಬಿಟ್ಟು ಬಂದು ನೋಡಿದರೆ ಪಟ್ಟಿಗಳು ಜಾರಿ ಕೆಳಗೆ ಬಿದ್ದಿವೆ, ಹಲಗೆಗಳು ಕಮಲದ ಎಸಳಿನ ಹಾಗೆ ಸುತ್ತ ಬಿಚ್ಚಿಕೊಂಡಿವೆ. ಮತ್ತೆ ಕೂಡಿಸಲು ಆಗಲೇ ಇಲ್ಲ. ಹಾಗಾಗಿ ತಂದ ದಿನವೇ ಪ್ರತಿ ಪಟ್ಟಿಯ ಕೆಳಗೆ ನಾಲ್ಕೈದು ಕಡೆ ಸಣ್ಣ ಸ್ಕ್ರೂ ಹಾಕಿ. ಪಟ್ಟಿ ಜಾರಲು ದಾರಿ ಇರಬಾರದು.

ಆಮೇಲೆ ಅಂಚಿನವರೆಗೆ ನೀರು ತುಂಬಿ ಎರಡು ದಿನ ಬಿಡಿ. ಮೊದಲು ಸಂದಿಗಳಲ್ಲಿ ಸೋರುತ್ತದೆ, ಹಲಗೆ ಉಬ್ಬಿದ ಹಾಗೆ ನಿಲ್ಲುತ್ತದೆ. ಆ ನೀರನ್ನು ಚೆಲ್ಲಿ ಒಳಗೆಲ್ಲ ಬ್ರಶ್‌ನಿಂದ ಉಜ್ಜಿ ತೊಳೆಯಿರಿ. ವೈನ್‌ನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮರದಲ್ಲಿ ಉಳಿದ ಕಲೆಯಿಂದ ನನ್ನ ಒಂದು ಬೇರಿಗೂ ತೊಂದರೆಯಾಗಿಲ್ಲ. ಅತ್ತೆಯವರ ಅನುಮಾನವೇ ನನ್ನ ಅಮ್ಮನಿಗೂ ಇತ್ತು. ಬಂದ ಹೊಸದರಲ್ಲಿ ಆ ಹೂ ಮುಟ್ಟಿರಲಿಲ್ಲ. ಊರಲ್ಲಿ ಸಗಣಿ ಗೊಬ್ಬರ ಹಾಕಿ ಬೆಳೆದ ಹೂವನ್ನೇ ಏರಿಸುತ್ತೇವಲ್ಲ ಎಂದು ಒಂದು ಶುಕ್ರವಾರ ತಾನೇ ಅಂದುಕೊಂಡು, ಒಂದು ಬುಟ್ಟಿ ಕಿತ್ತು ತಂದರು. ಒತ್ತಾಯ ಮಾಡಬೇಡಿ, ಗಿಡ ಹೂ ಬಿಡಲಿ.

ತಳಕ್ಕೆ ಮುಕ್ಕಾಲು ಇಂಚಿನ ಐದಾರು ತೂತು ಕೊರೆದು, ಮೂರು ಇಟ್ಟಿಗೆಯ ಮೇಲೆ ಕೂರಿಸಿ. ಕೆಳಗೆ ಗಾಳಿಯಾಡದಿದ್ದರೆ ಮರ ತಳದಿಂದಲೇ ಕೊಳೆಯುತ್ತದೆ. ಎಲ್ಲಿಡಬೇಕೋ ಅಲ್ಲೇ ಇಟ್ಟು ತುಂಬಿಸಿ, ನೀರುಂಡ ಪೀಪಾಯಿ 100 ಕಿಲೋ ದಾಟುತ್ತದೆ. ಮಹಡಿಯ ಬಾಲ್ಕನಿಗೆ ಇದು ಬೇಡವೇ ಬೇಡ.

ತಳದಲ್ಲಿ ಜಲ್ಲಿ ಹಾಕಬೇಕೆಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಹಾಕಬೇಡಿ. ನೆನೆದ ಸ್ಪಂಜನ್ನು ಕಲ್ಲಿನ ಮೇಲಿಟ್ಟ ಮಾತ್ರಕ್ಕೆ ಅದರ ನೀರು ಇಳಿದುಹೋಗುವುದಿಲ್ಲ. ಹಾಗೆಯೇ ಮಣ್ಣಿನ ಕೊನೆಯ ಪದರ ಪೂರ್ತಿ ತೊಯ್ದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯದು. ಆ ಒದ್ದೆ ಪದರ ಜಲ್ಲಿಯ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರ ಬಂದು ಕೂರುತ್ತದೆ. ತೂತಿನ ಮೇಲೆ ತುಂಡು ಜಾಲರಿ ಸಾಕು. ಇಲ್ಲಿನ ನೆಲದ ಜೇಡಿಮಣ್ಣೂ ಬೇಡ, ಕುಂಡಕ್ಕೆಂದೇ ಮಾರುವ ಹಗುರ ಮಿಶ್ರಣವನ್ನೇ (ಪಾಟಿಂಗ್ ಮಿಕ್ಸ್) ಪೂರ್ತಿ ತುಂಬಿ.

ಒಂದು ಪೀಪಾಯಿಗೆ ಒಂದೇ ಗುಲಾಬಿ. ಎರಡು ಹಾಕಿದರೆ ಮೊದಲ ವರ್ಷ ಚಂದ, ಮೂರನೆಯ ವರ್ಷ ಎರಡೂ ಬಡವಾಗುತ್ತವೆ, ನಡುವೆ ಗಾಳಿಯಾಡದೆ ಬೂದಿ ರೋಗ ಹತ್ತುತ್ತದೆ. ಜನವರಿ, ಫೆಬ್ರುವರಿಯಲ್ಲಿ ಇಲ್ಲಿ ಮಣ್ಣಿಲ್ಲದ ಬರಿಬೇರಿನ ಗಿಡ ಮಾರುತ್ತಾರೆ. ಒಣಗಿದ ಕಡ್ಡಿಯಂತೆ ಕಾಣುತ್ತದೆ, ಹೆದರಬೇಡಿ. ಒಂದು ರಾತ್ರಿ ನೀರಲ್ಲಿ ನೆನೆಸಿ, ಕಸಿಯ ಗಂಟು ಮಣ್ಣಿನಿಂದ ಸ್ವಲ್ಪ ಮೇಲಿರುವಂತೆ ನೆಡಿ. ನನ್ನ ಮೆಚ್ಚಿನದು ಬೆಣ್ಣೆ ಬಣ್ಣದ 'ಜೂಲಿಯಾ ಚೈಲ್ಡ್'. ಗಿಡ ಗುಂಡಗೆ, ಗಿಡ್ಡಕ್ಕೆ, ಪರಿಮಳವೂ ಉಂಟು. ಬಿಳಿಯ 'ಐಸ್‌ಬರ್ಗ್' ಗೊಂಚಲು ಗೊಂಚಲಾಗಿ ಬಿಡುತ್ತದೆ, ಆದರೆ ಪರಿಮಳ ಕಡಿಮೆ. ಹಬ್ಬುವ ಜಾತಿಗಳನ್ನು ತರಬೇಡಿ. ಸವರುವುದನ್ನು ಕಲಿಯಲು ಜನವರಿಯಲ್ಲಿ ಸ್ಯಾನ್ ಹೋಸೆಯ ನಗರ ಗುಲಾಬಿ ತೋಟಕ್ಕೆ ಹೋಗಿ. ಐದೂವರೆ ಎಕರೆ ಗುಲಾಬಿಯನ್ನು ಸ್ವಯಂಸೇವಕರು ಸವರುತ್ತಾರೆ. ಒಂದು ಬೆಳಿಗ್ಗೆ ಜೊತೆಗೆ ನಿಂತರೆ ಕತ್ತರಿ ಎಲ್ಲಿ ಬೀಳಬೇಕೆಂದು ಕಣ್ಣು ತಾನೇ ಕಲಿಯುತ್ತದೆ.

ದಾಸವಾಳ ಇಲ್ಲಿನ ಚಳಿಗೆ ಅಂಜುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಪಕ್ಕ ಇಡಿ. ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಹಳೆಯ ಬೆಡ್‌ಶೀಟ್ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ತುದಿ ಕಪ್ಪಾದರೆ ತಕ್ಷಣ ಕತ್ತರಿಸಬೇಡಿ, ಮಾರ್ಚಿನಲ್ಲಿ ಎಲ್ಲಿಂದ ಚಿಗುರುತ್ತದೆಂದು ನೋಡಿ ಅಲ್ಲಿಗೆ ಸವರಿ. ದುಂಡುಮಲ್ಲಿಗೆ ಇನ್ನೂ ನಾಜೂಕು, ಚಳಿಗಾಲದಲ್ಲಿ ಒಳಗೆ ತರಲೇಬೇಕು. ಪೀಪಾಯಿಯನ್ನು ಎತ್ತುವವರಾರು? ಅದಕ್ಕೆ ಹದಿನಾಲ್ಕು ಇಂಚಿನ ಪ್ಲಾಸ್ಟಿಕ್ ಕುಂಡ ಸಾಕು. ಚಳಿಗೂ ಬಿಸಿಲಿಗೂ ಬಗ್ಗದ ಪೊದೆ ಬೇಕೆಂದರೆ ಕಣಗಿಲೆ ಇದೆ. ಇಲ್ಲಿನ ಹೆದ್ದಾರಿಗಳ ನಡುವೆ ಸಾಲಾಗಿ ನಿಂತಿರುವುದು ಅದೇ. ಆದರೆ ಇಡೀ ಗಿಡ ವಿಷ. ಚಿಕ್ಕ ಮಕ್ಕಳೋ ನಾಯಿಯೋ ಇರುವ ಮನೆಗೆ ತರಬೇಡಿ.

ಮೇ ಕಳೆದರೆ ಅಕ್ಟೋಬರ್‌ವರೆಗೆ ಇಲ್ಲಿ ಮಳೆ ಇಲ್ಲವೆಂದೇ ಲೆಕ್ಕ. 38 ಡಿಗ್ರಿಯ ದಿನಗಳಲ್ಲಿ ನಾನು ದಿನಾ ಬೆಳಿಗ್ಗೆ ನೀರು ಕೊಡುತ್ತೇನೆ, ಕೆಳಗಿನ ತೂತಿನಿಂದ ಹೊರಬರುವವರೆಗೆ. ಟೈಮರ್ ಇರುವ ಡ್ರಿಪ್ ಹಾಕಿಸಿಕೊಂಡರೆ ಊರಿಗೆ ಹೋದಾಗಲೂ ಗಿಡದ ಜೊತೆ ಹಲಗೆಯೂ ಬದುಕುತ್ತದೆ. ಮೇಲೆ ಎರಡು ಇಂಚು ಮರದ ಚೂರಿನ ಹೊದಿಕೆ ಹಾಕಿ. ಗೊಬ್ಬರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ, ನೆಲದ ಗಿಡಕ್ಕಿಂತ ಇದಕ್ಕೆ ಹೆಚ್ಚು ಬೇಕು, ನೀರಿನ ಜೊತೆ ಸಾರವೂ ತೊಳೆದುಹೋಗುತ್ತದೆ. ಚಿಗುರಿಗೆ ಹಸಿರು ಹೇನು ಕೂತರೆ ಔಷಧಿ ಹುಡುಕಬೇಡಿ, ಪೈಪಿನ ನೀರನ್ನು ಜೋರಾಗಿ ಬಿಟ್ಟು ಮೂರು ದಿನ ತೊಳೆಯಿರಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಅಂಶ ಸಿಗುತ್ತಿಲ್ಲವೆಂದು ತಿಳಿಯಿರಿ. ಅದಕ್ಕೆ ಐರನ್ ಚೀಲೇಟ್ ಪುಡಿ ಸಿಗುತ್ತದೆ.

ಪೀಪಾಯಿ ಕೊಳ್ಳುವ ಮುನ್ನ ಹಿತ್ತಲಿನಲ್ಲಿ ಆರು ಗಂಟೆ ಬಿಸಿಲು ಎಲ್ಲಿ ಬೀಳುತ್ತದೆಂದು ಒಂದು ದಿನ ಗುರುತು ಮಾಡಿ. ಫೋಟೋ ಹಾಕಿ, ಯಾವ ಮೂಲೆಗೆ ಯಾವುದು ಎಂದು ಹೇಳುತ್ತೇನೆ.