ಮಗನಿಗೆ 12 ವರ್ಷ. ಟೆನಿಸ್‌ಗೆ ತಡವಾಯಿತಾ? ಟೆನಿಸ್ ಆಟಗಾರ ರೋಹನ್ ಬೋಪಣ್ಣನವರೂ 11ಕ್ಕೇ ಶುರು ಮಾಡಿದ್ದಲ್ವಾ?

ಶಾಲೆ ಬಿಡಿಸಿ ಬೆಂಗಳೂರಿನ ಅಕಾಡೆಮಿಗೆ ಹಾಕಲಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನಮ್ಮಪ್ಪ ನೆನಪಾದರು. ಅವರೂ ಇದೇ ಲೆಕ್ಕ ಹಾಕುತ್ತಿದ್ದರು. ಆಗ ಬೋಪಣ್ಣನವರಿಗೆ ಇಷ್ಟು ಹೆಸರಿರಲಿಲ್ಲ, ಅಪ್ಪನ ಬಾಯಲ್ಲಿ ಯಾವಾಗಲೂ ಮಹೇಶ್ ಭೂಪತಿ. ಭೂಪತಿ ಹೆಸರು ಮಾಡಿದ್ದು ಡಬಲ್ಸ್‌ನಲ್ಲಿ ಅನ್ನುವುದು ಮಾತ್ರ ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ನಾನು ಹಾಸನದವನು. ನಾನು ಆಡುತ್ತಿದ್ದ ಕ್ಲಬ್ಬಿನಲ್ಲಿ ಒಂದೇ ಮಣ್ಣಿನ ಕೋರ್ಟ್. ಸಂಜೆ ಆರಾದರೆ ಡಾಕ್ಟರು, ವಕೀಲರು ಬಂದು ಡಬಲ್ಸ್ ಆಡುತ್ತಿದ್ದರು. ನಾನು ರಾಕೆಟ್ ಬ್ಯಾಗಿಗೆ ತುಂಬಿ ಮನೆಗೆ ಹೊರಡುತ್ತಿದ್ದೆ. ಡಬಲ್ಸ್ ಅಂದರೆ ಹೊಟ್ಟೆ ಬಂದವರ ಆಟ ಅಂತ ನನ್ನ ತಿಳಿವಳಿಕೆ. ಅಂಡರ್ 14, ಅಂಡರ್ 16 ಅಂತ ಕೆಂಪು ಬಸ್ಸಿನಲ್ಲಿ ಊರೂರು ಸುತ್ತಿದೆ. ರಾಜ್ಯದಲ್ಲಿ ಹೇಳಿಕೊಳ್ಳುವಂಥ ರ‍್ಯಾಂಕೂ ಬಂತು. ಅಲ್ಲಿಗೆ ಕೊಬ್ಬೂ ಬಂತು.

2010ರಲ್ಲಿ, 19ನೇ ವಯಸ್ಸಿಗೆ, ಒಂದು ಫ್ಯೂಚರ್ಸ್ ಟೂರ್ನಿಗೆ ಹೋದೆ. ಆಗ ವೃತ್ತಿಪರ ಟೆನಿಸ್‌ನ ಕೆಳಗಿನ ಮೆಟ್ಟಿಲು ಅದು. ಮುಖ್ಯ ಸುತ್ತಿಗೆ ಹೋಗಲು ಆಡುವ ಕ್ವಾಲಿಫೈಯಿಂಗ್‌ನಲ್ಲಿ ಮೊದಲ ದಿನವೇ ಸೋತೆ. ಸಂಜೆ ಚೆನ್ನೈನ ಒಬ್ಬ ಎಡಗೈ ಹುಡುಗ ಬಂದು, ‘ನನ್ನ ಪಾರ್ಟ್‌ನರ್ ಕಾಲು ಉಳುಕಿಸಿಕೊಂಡಿದ್ದಾನೆ, ಡಬಲ್ಸ್ ಆಡ್ತೀಯಾ?’ ಅಂದ. ಇದು ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹೇಳಬೇಕು. ಡಬಲ್ಸ್ ಆಡಲು 16 ಜೋಡಿಗಳಿಗೆ ಜಾಗ. ಟೂರ್ನಿ ಆಫೀಸಿನಲ್ಲಿ ಒಂದು ಹಾಳೆ ಇಟ್ಟಿರುತ್ತಿದ್ದರು. ಹೇಳಿದ ಹೊತ್ತಿನೊಳಗೆ ಇಬ್ಬರೂ ಹೆಸರು ಬರೆಯಬೇಕು. ಇಬ್ಬರ ರ‍್ಯಾಂಕ್ ಕೂಡಿಸಿ ಜಾಗ ಕೊಡುತ್ತಿದ್ದರು. ನನಗೆ ರ‍್ಯಾಂಕೇ ಇಲ್ಲ, ಆದರೆ ಅವನ ರ‍್ಯಾಂಕಿನ ಬಲದಲ್ಲಿ ನಮಗೆ ಜಾಗ ಸಿಗುವ ಹಾಗಿತ್ತು. ಮಾಡಬೇಕಾಗಿದ್ದು ಇಷ್ಟೇ, ಪೆನ್ನು ಹಿಡಿದು ಒಂದು ಹೆಸರು ಬರೆಯುವುದು.

‘ನಾನು ಸಿಂಗಲ್ಸ್ ಪ್ಲೇಯರ್’ ಅಂದುಬಿಟ್ಟೆ.

ಅಹಂಕಾರ ಮಾತ್ರ ಅಲ್ಲ, ಒಳಗೆ ಭಯವೂ ಇತ್ತು. ನನ್ನದು ಬೇಸ್‌ಲೈನ್‌ನಲ್ಲಿ ನಿಂತು ಟಾಪ್‌ಸ್ಪಿನ್ ಹೊಡೆಯುವ ಆಟ. ಫೋರ್‌ಹ್ಯಾಂಡ್‌ಗೆ ಹಿಡಿಯುವ ಹಿಡಿತದಲ್ಲಿ ವಾಲಿ, ಅಂದರೆ ಬಾಲ್ ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯುವುದು, ಸರಿಯಾಗಿ ಆಗುವುದಿಲ್ಲ, ನೆಟ್ ಹತ್ತಿರ ಹಿಡಿತ ಬದಲಿಸಲು ಸಮಯವೂ ಇರುವುದಿಲ್ಲ. ಅದನ್ನು ನಾನು ಕಲಿತೇ ಇರಲಿಲ್ಲ. ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ ಅಂತ ರಾತ್ರಿ ಬಸ್ ಹತ್ತಿದೆ. ಉಳಿದಿದ್ದರೆ ಒಂದು ಪಂದ್ಯ ಸೋತಿದ್ದರೂ, ಎರಡು ಮೂರು ದಿನ ನನಗಿಂತ ಒಳ್ಳೆಯವರ ಜೊತೆ ಪ್ರಾಕ್ಟೀಸ್ ಸಿಗುತ್ತಿತ್ತು. ಆ ಹುಡುಗ ಬೇರೆ ಯಾರನ್ನೋ ಜೊತೆ ಮಾಡಿಕೊಂಡು ಸೆಮಿಫೈನಲ್ ಆಡಿದ. ಆಮೇಲೆ ಯಾರೂ ನನ್ನನ್ನು ಕರೆಯಲಿಲ್ಲ. ಆಟ ಬಿಡುವವರೆಗೂ ವೃತ್ತಿಪರ ರ‍್ಯಾಂಕ್‌ಗೆ ಬೇಕಾದ ಎಟಿಪಿ ಪಾಯಿಂಟ್ ಒಂದೇ ಒಂದೂ ನನಗೆ ಸಿಗಲಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೋಪಣ್ಣ, ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಡಬಲ್ಸ್ ಫೈನಲ್ ಆಡಿದರು. ಅಮೆರಿಕದ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಸೋತರು. ಟಿವಿ ಮುಂದೆ ಕೂತಿದ್ದ ನನಗೆ ಆ ಹಾಳೆಯೇ ಕಣ್ಣ ಮುಂದೆ.

ಈಗ ನಿಮ್ಮ ಪ್ರಶ್ನೆ. ಅದು ತಪ್ಪು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. 11 ಅನ್ನುವುದೊಂದನ್ನೇ ಹಿಡಿದುಕೊಂಡಿದ್ದೀರಿ. ಮುಂದಿನದನ್ನೂ ನೋಡಿ. ಬೋಪಣ್ಣ ಕೊಡಗಿನ ಕಾಫಿ ಬೆಳೆಗಾರರ ಮಗ. ಹುಡುಗನಾಗಿದ್ದಾಗಲೇ ಪುಣೆಗೆ ಹೋಗಿ ಕೋಚ್ ನಂದನ್ ಬಾಳ್ ಹತ್ತಿರ ಕಲಿತರು. ವೃತ್ತಿಪರರಾಗಿದ್ದು 2003ರಲ್ಲಿ, 23ಕ್ಕೆ. ಸಿಂಗಲ್ಸ್‌ನಲ್ಲಿ ಅವರ ಅತಿ ಒಳ್ಳೆಯ ರ‍್ಯಾಂಕ್ 213, ಅದು 2007ರಲ್ಲಿ. ಅಂಥ ಜೋರಿನ ಸರ್ವ್ ಇಟ್ಟುಕೊಂಡೂ ಅಷ್ಟೇ. ‘ನಾನು ಸಿಂಗಲ್ಸ್ ಪ್ಲೇಯರ್’ ಅಂತ ಅವರೂ ಕೂತಿದ್ದರೆ ನೀವು ಇವತ್ತು ಈ ಪ್ರಶ್ನೆ ಕೇಳುತ್ತಿರಲಿಲ್ಲ. ಮೊದಲ ಗ್ರ್ಯಾಂಡ್‌ಸ್ಲಾಮ್ 2017ರ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್, ಆಗ 37. 2021ರಲ್ಲಿ ಐದು ತಿಂಗಳು ಒಂದೂ ಪಂದ್ಯ ಗೆಲ್ಲಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಮಂಡಿಯ ಮೃದ್ವಸ್ಥಿ ಸವೆದಿತ್ತು, ಅಯ್ಯಂಗಾರ್ ಯೋಗ ಮಾಡಿಕೊಂಡು ಆಡಿದರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ನಂಬರ್ ಒನ್ ಆದಾಗ ವಯಸ್ಸು 43. ಇಷ್ಟು ಉದ್ದದ ದಾರಿಯಲ್ಲಿ 11 ಏನು, 12 ಏನು?

ಶಾಲೆ ಬಿಡಿಸಲೇಬೇಡಿ. ಅಂಡರ್ 12 ರ‍್ಯಾಂಕ್ ಹಿಂದೆ ಓಡಬೇಡಿ, ಅದರಿಂದ ಅಪ್ಪಂದಿರಿಗೆ ಬಿಟ್ಟರೆ ಯಾರಿಗೂ ಏನೂ ಸಿಗುವುದಿಲ್ಲ. ಅಕಾಡೆಮಿ ವಿಷಯ 14 ದಾಟಿದ ಮೇಲೆ, ಅದೂ ಅವನೇ ಹಟ ಹಿಡಿದರೆ ನೋಡೋಣ.

ಸದ್ಯಕ್ಕೆ ಸಂಜೆ ನಿಮ್ಮೂರ ಕ್ಲಬ್ಬಿನ ಅಂಕಲ್‌ಗಳ ಡಬಲ್ಸ್‌ಗೆ ಒಬ್ಬರು ಕಮ್ಮಿ ಬಿದ್ದರೆ ಅವನನ್ನು ನೆಟ್ ಹತ್ತಿರ ನಿಲ್ಲಿಸಿ. ಮೊದಲ ವಾರ ಬಾಲ್ ಮುಖಕ್ಕೇ ಬರುತ್ತದೆ. ಕನ್ನಡಕ ಇದ್ದರೆ ಹಿಂದೆ ಒಂದು ದಾರ ಕಟ್ಟಿ ಕಳಿಸಿ.