ಅಘನಾಶಿನಿ: ಅಣೆಕಟ್ಟಿಲ್ಲದ ಹೊಳೆ, ಗಜನಿಯ ಕಗ್ಗ

ಪ್ರಶ್ನೆ: ಅಘನಾಶಿನಿಗೆ ಅಣೆಕಟ್ಟು ಇಲ್ಲವಂತೆ. ಅದರಿಂದ ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಏನು ಲಾಭ?

ಉತ್ತರ: ಲಾಭ ದೊಡ್ಡದು. ಶಿರಸಿಯ ಶಂಕರ ಹೊಂಡದ ಕಡೆಯ ಹಳ್ಳವೂ ಮಂಜುಗುಣಿ ಕಡೆಯ ಹೊಳೆಯೂ ಕೂಡಿ ಆಗುವ ಈ ನದಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಕುಮಟಾ ತಾಲ್ಲೂಕಿನ ತದಡಿಯ ಬಳಿ ಸಮುದ್ರ ಸೇರುತ್ತದೆ. ಶರಾವತಿಯಲ್ಲಿ ವಿದ್ಯುದಾಗಾರದಿಂದ ಬಿಟ್ಟ ನೀರು ಬೇಸಿಗೆಯಲ್ಲೂ ಹರಿದು ಅಳಿವೆಯ ಉಪ್ಪನ್ನು ತಗ್ಗಿಸುತ್ತದೆ. ಅಘನಾಶಿನಿಯಲ್ಲಿ ಮಳೆಗಾಲಕ್ಕೆ ಸಿಹಿನೀರು, ಬೇಸಿಗೆಗೆ ಉಪ್ಪುನೀರು. ಈ ಏರಿಳಿತಕ್ಕೆ ಒಗ್ಗಿದ ಬಳಚು ಎಂಬ ಚಿಪ್ಪುಜೀವಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಸಾಣಿಕಟ್ಟಾದ ಉಪ್ಪಿನ ಆಗರ ಇಲ್ಲಿ ಉಳಿದಿರುವುದು ಅದರಿಂದಲೇ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಪ್ರಶ್ನೆ: ಅಳಿವೆಯ ಅಂಚಿನಲ್ಲಿ ಉಪ್ಪುನೀರು ನುಗ್ಗುವ ನಮ್ಮ ಗಜನಿ ಗದ್ದೆ ಪಾಳು ಬಿದ್ದಿದೆ. ಮತ್ತೆ ಉಪ್ಪು ತಡೆಯುವ ಕಗ್ಗ ಭತ್ತ ಬಿತ್ತಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಬೀಜದಿಂದಲ್ಲ, ಕಟ್ಟೆಯಿಂದ. ಬೇಸಿಗೆಯಲ್ಲೇ ಮಣ್ಣಿನ ಕಟ್ಟೆಯುದ್ದಕ್ಕೂ ನಡೆದು ಏಡಿ ಕೊರೆದ ಬಿಲಗಳನ್ನು ಹುಡುಕಿ, ಜಿಗುಟು ಕೆಸರು ತುಂಬಿ ತುಳಿಯಿರಿ. ಸಣ್ಣ ಬಿಲವೇ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಕ್ಕೆ (ಸಮುದ್ರದ ಉಬ್ಬರಕ್ಕೆ) ಬಾಯಿ ಬಿಡುತ್ತದೆ. ಹೊಳೆಯ ಬದಿಗೆ ಕಾಂಡ್ಲಾ ಇದ್ದರೆ ಕಡಿಯಬೇಡಿ, ಅಲೆಯ ಹೊಡೆತವನ್ನು ತಡೆಯುವುದು ಅದೇ.

ಆಮೇಲೆ ಜಂತ್ರಡಿ, ಅಂದರೆ ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ಹಲಗೆಯ ಬಾಗಿಲು. ಹಲಗೆಗಳು ಬಿಗಿಯಾಗಿ ಕೂರಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಭರತದ ಹೊತ್ತಿಗೆ ಮುಚ್ಚಿ, ಇಳಿತಕ್ಕೆ ತೆಗೆಯಿರಿ. ಗದ್ದೆಯಲ್ಲಿ ನಿಂತ ಮಳೆನೀರು ಮಣ್ಣಿನ ಉಪ್ಪನ್ನು ಕರಗಿಸಿಕೊಂಡು ಹೊರಹೋಗುತ್ತದೆ. ಒಂದು ಸಲ ಸಾಲದು; ನಿಂತ ನೀರನ್ನು ನಾಲಿಗೆಗಿಟ್ಟರೆ ಉಪ್ಪು ಹತ್ತದಷ್ಟಾಗುವವರೆಗೂ ಮುಂದುವರಿಸಿ. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ನಿನ್ನೆಯ ಗಡಿಯಾರ ಇಂದಿಗೆ ಆಗದು.

ಮೊಳಕೆ ಬಂದ ಬೀಜವನ್ನೇ ಬಿತ್ತಿ. ಕಗ್ಗ ಎತ್ತರದ ತಳಿ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ. ಗೊಬ್ಬರ ಬೇಡ, ಹೊಳೆ ತಂದ ಹೂಳೇ ಸಾಕು. ಆದರೆ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟು, ಕಟ್ಟೆಯೂ ಸೋರಿದರೆ ಕಾಳು ಜೊಳ್ಳಾಗುತ್ತದೆ. ಬಹಳ ಜನ ಸೋಲುವುದು ಇಲ್ಲೇ. ಕಟ್ಟೆ ಒಂದು, ಗದ್ದೆ ಹತ್ತಾರು ಮನೆಯವರದ್ದು. ಒಬ್ಬರು ರಿಪೇರಿಗೆ ಬಾರದಿದ್ದರೂ ಎಲ್ಲರ ಬೆಳೆಗೂ ಉಪ್ಪುನೀರು ನುಗ್ಗುತ್ತದೆ. ಹಾಗಾಗಿ ಬಿತ್ತನೆಗೆ ಮೊದಲೇ ಅಕ್ಕಪಕ್ಕದವರನ್ನು ಕೂರಿಸಿ, ಜಂತ್ರಡಿ ನೋಡಿಕೊಳ್ಳುವವರು ಯಾರೆಂದು ಗೊತ್ತುಮಾಡಿಕೊಳ್ಳಿ.

ಕೊಯ್ಲಾದ ಮೇಲೆ ಉಳಿದ ಬುಡ, ಅಂದರೆ ಕೂಳೆಯನ್ನು ಗದ್ದೆಯಲ್ಲೇ ಬಿಟ್ಟು ಜಂತ್ರಡಿ ತೆರೆಯಿರಿ. ಕೂಳೆ ಕೊಳೆತ ಕಡೆ ಭರತದ ಜೊತೆ ಒಳಬಂದ ಸಿಗಡಿ ಮರಿಗಳಿಗೆ ಮೇವು ಸಿಗುತ್ತದೆ.