ಗಾಡಿ ಪ್ರಶ್ನೋತ್ತರ: ಪಿಕಪ್ ಹಿಂದೆ ಕಟ್ಟಿದ ಮನೆ

ಈ ಸಲ ಬಂದ ಪತ್ರಗಳಲ್ಲಿ ಟ್ರೇಲರ್ ಪ್ರಶ್ನೆಗಳೇ ಹೆಚ್ಚು. ಮೆಕ್ಕೆಜೋಳ ಹೇರುವ ಟ್ರೇಲರ್ ಅಲ್ಲ; ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಎಲ್ಲ ಇರುವ, ಪಿಕಪ್ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನ್. ನಾನು ದಾವಣಗೆರೆಯ ಹದಡಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಮಗಳು ಅಮೆರಿಕದಲ್ಲಿರುವುದರಿಂದ ಅಳಿಯನ ಕ್ಯಾರವಾನಿನ ಅಡಿಗೂ ಮಲಗಿ ನೋಡಿ ಬಂದಿದ್ದೇನೆ. ಬಣ್ಣ ಬೇರೆ, ಬೆಲೆ ಬೇರೆ, ತೂಕದ ಲೆಕ್ಕ ಒಂದೇ.

ಪ್ರ: ಮಗ ಟೆಕ್ಸಸ್‌ನಲ್ಲಿದ್ದಾನೆ. ಅವನ ಹತ್ತಿರ ಟೊಯೋಟಾ ಟಕೋಮಾ ಪಿಕಪ್ ಇದೆ. ಈಗ ಸಣ್ಣದೊಂದು ಕ್ಯಾರವಾನ್ ಕೊಂಡಿದ್ದಾನೆ, ಸಾಮಾನು ತುಂಬಿದರೆ 2,000 ಕೆ.ಜಿ. ಆಗುತ್ತದಂತೆ. ಅಂಗಡಿಯವನು "ನಿಮ್ಮ ಗಾಡಿ 2,900 ಕೆ.ಜಿ. ಎಳೆಯುತ್ತೆ, ಚಿಂತೆ ಬಿಡಿ" ಅಂದನಂತೆ. ವಿಡಿಯೊ ಕಾಲ್‌ನಲ್ಲಿ ನೋಡಿದರೆ ಪಿಕಪ್ಪಿನ ಹಿಂಭಾಗ ಕುಕ್ಕರಿಸಿದಂತೆ ಕಾಣುತ್ತಿದೆ. ನಾನು, ನಮ್ಮ ಮನೆಯವರು, ಮಗ, ಸೊಸೆ ನಾಲ್ವರೂ ಅದರಲ್ಲೇ ಪ್ರವಾಸ ಹೋಗುವವರಿದ್ದೇವೆ. ಧೈರ್ಯವಾಗಿ ಹತ್ತಬಹುದೇ?
— ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಉ: ಮೇಷ್ಟ್ರೇ, ನಿಮ್ಮ ಕಣ್ಣಿಗೆ ಕಂಡದ್ದು ಸರಿಯಾಗಿಯೇ ಇದೆ. ಅಂಗಡಿಯವನು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾನೆ.

ಟಕೋಮಾ ಮಾಡೆಲ್ ನೋಡಿಕೊಂಡು 6,500 ಪೌಂಡ್‌ ತನಕ, ಅಂದರೆ ಹೆಚ್ಚುಕಡಿಮೆ 2,900 ಕೆ.ಜಿ. ಎಳೆಯುತ್ತದೆ ಅನ್ನುವುದು ಕಂಪನಿಯ ಲೆಕ್ಕ. ಆ ಅಂಕಿ ಹುಟ್ಟುವುದು ಎಸ್‌ಎಇ ಜೆ2807 ಅನ್ನುವ ಪರೀಕ್ಷೆಯಲ್ಲಿ. ಅರಿಝೋನಾದ ಡೇವಿಸ್ ಡ್ಯಾಮ್ ಹತ್ತಿರ 11.4 ಮೈಲಿಯ ಏರು ದಾರಿಯೊಂದಿದೆ. ಎಸಿ ಹಾಕಿಕೊಂಡು, ಟ್ರೇಲರ್ ಎಳೆದುಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಅದನ್ನು ಹತ್ತಬೇಕು. ಕಟ್ಟುನಿಟ್ಟಿನ ಪರೀಕ್ಷೆಯೇ ಸರಿ. ಆದರೆ ಆಗ ಗಾಡಿಯೊಳಗೆ ಎಷ್ಟು ಜನ ಅಂತ ಲೆಕ್ಕ ಗೊತ್ತೇ? ಇಬ್ಬರು, ತಲಾ 150 ಪೌಂಡ್, ಅಂದರೆ 68 ಕೆ.ಜಿ. ಅತ್ತೆ, ಮಾವ, ಅಕ್ಕಿ ಮೂಟೆ, ಚಟ್ನಿಪುಡಿ ಡಬ್ಬಿ ಯಾವುದೂ ಆ ಲೆಕ್ಕದಲ್ಲಿಲ್ಲ.

ನೀವು ನೋಡಬೇಕಾದ ಅಂಕಿ ಬೇರೆ ಕಡೆ ಇದೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಬಿಳಿ-ಹಳದಿ ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ಕೆ.ಜಿ. ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಪ್ರತಿ ಗಾಡಿಗೂ ಬೇರೆ ಬೇರೆ; ಮಗನಿಂದ ಅದರ ಫೋಟೊ ತರಿಸಿ. ಸದ್ಯಕ್ಕೆ 500 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಕ್ಯಾರವಾನ್ ತನ್ನ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗವನ್ನು ಪಿಕಪ್ಪಿನ ಕೊಕ್ಕೆಯ ಮೇಲೆ ಇಳಿಸಿ ಕೂತಿರುತ್ತದೆ. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಮೂಗಿನ ಭಾರ ಅನ್ನುತ್ತೇವೆ. 2,000ಕ್ಕೆ 12ರ ಲೆಕ್ಕದಲ್ಲಿ 240 ಕೆ.ಜಿ. ಆಯಿತು. ಕೊಕ್ಕೆಯ ಕಬ್ಬಿಣದ ಸರಂಜಾಮು 40 ಹಿಡಿಯಿರಿ. 500ರಲ್ಲಿ ಉಳಿದದ್ದು 220. ನಾಲ್ವರು ಕೂತರೆ 280. ಒಂದು ಸೂಟ್‌ಕೇಸ್ ಇಡುವ ಮೊದಲೇ 60 ಕೆ.ಜಿ. ಹೆಚ್ಚಾಯಿತು. ಎಂಜಿನ್‌ಗೆ ಇನ್ನೂ 900 ಕೆ.ಜಿ. ಎಳೆಯುವ ಶಕ್ತಿ ಉಳಿದಿದೆ, ಕಮಾನು ಪಟ್ಟಿಗೆ ಹೊರುವ ಶಕ್ತಿ ಮುಗಿದಿದೆ.

ಹಿಂದೆ ಕುಕ್ಕರಿಸಿದರೆ ಮುಂದಿನ ಚಕ್ರ ಹಗುರಾಗುತ್ತದೆ. ಸ್ಟೇರಿಂಗ್ ಬೆಣ್ಣೆಯಂತೆ ತಿರುಗುತ್ತದೆ, ಗಾಡಿ ಮಾತ್ರ ಹೇಳಿದ ಕಡೆ ಹೋಗುವುದಿಲ್ಲ. ಮುಂದಿನ ಬ್ರೇಕಿಗೆ ಹಿಡಿತ ಕಡಿಮೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ. ಇದಕ್ಕೆ ಅಲ್ಲಿ ತೂಕ ಹಂಚುವ ಕೊಕ್ಕೆ ಸಿಗುತ್ತದೆ: ಎರಡು ಗಟ್ಟಿ ಸ್ಪ್ರಿಂಗ್ ಸಲಾಕೆಗಳು ಸನ್ನೆಗೋಲಿನ ಹಾಗೆ ಮೀಟಿ ಸ್ವಲ್ಪ ಭಾರವನ್ನು ಮುಂದಿನ ಆಕ್ಸಲ್‌ಗೆ, ಸ್ವಲ್ಪವನ್ನು ಕ್ಯಾರವಾನಿನ ಚಕ್ರಕ್ಕೆ ದಾಟಿಸುತ್ತವೆ. ಒಳ್ಳೆಯದು, ಹಾಕಿಸಲಿ. ಆದರೆ ಅದು ಬಾಗಿಲಿನ ಚೀಟಿಯ ಅಂಕಿಯನ್ನು ತಿದ್ದುವುದಿಲ್ಲ. ಏರ್‌ಬ್ಯಾಗ್ ಸಸ್ಪೆನ್ಷನ್ ಹಾಕಿಸಿ ಹಿಂಭಾಗ ಎತ್ತಿದರೂ ಅಷ್ಟೇ, ನೋಟ ಸರಿಹೋಗುತ್ತದೆ, ತೂಕ ಅಲ್ಲೇ ಇರುತ್ತದೆ.

ನನ್ನ ಸಲಹೆ: ಲಾರಿಗಳು ನಿಲ್ಲುವ ಟ್ರಕ್ ಸ್ಟಾಪ್‌ಗಳಲ್ಲಿ ಒಂದೊಂದು ಆಕ್ಸಲ್‌ ತೂಕವನ್ನೂ ಬೇರೆ ಬೇರೆ ತೋರಿಸುವ ತೂಕದ ಕಟ್ಟೆ ಇರುತ್ತದೆ. ಪ್ರವಾಸಕ್ಕೆ ಹೊರಡುವ ಹಾಗೇ ಎಲ್ಲ ತುಂಬಿ, ಎಲ್ಲರೂ ಕೂತು, ಒಮ್ಮೆ ಹತ್ತಿಸಿ ಚೀಟಿ ತೆಗೆದುಕೊಳ್ಳಲಿ. ನೀರಿನ ಟ್ಯಾಂಕ್ ಖಾಲಿ ಹೋಗಲಿ, ತಂಗುವ ಜಾಗದಲ್ಲಿ ತುಂಬಿಸಿಕೊಂಡರಾಯಿತು. ಆಗಲೂ ಹೆಚ್ಚು ಬಂದರೆ ನೀವು ಗಂಡ-ಹೆಂಡತಿ ಸೊಸೆಯ ಕಾರಿನಲ್ಲಿ ಹಿಂದೆ ಹೋಗಿ. ಮಗನಿಗೆ ಬೇಜಾರಾಗಬಹುದು, ಆಗಲಿ.

ಪ್ರ: ನಮ್ಮ ವರ್ಕ್‌ಶಾಪಿನಲ್ಲೇ ಪುಟ್ಟ ಕ್ಯಾರವಾನ್ ಕಟ್ಟಿದ್ದೇನೆ, ಒಂದೇ ಆಕ್ಸಲ್. ತೂಕದ ಕಟ್ಟೆಯಲ್ಲಿ 700 ಕೆ.ಜಿ. ತೋರಿಸಿತು. ಅಡುಗೆ ಕಟ್ಟೆ, 60 ಲೀಟರ್ ನೀರಿನ ಟ್ಯಾಂಕ್ ಎರಡೂ ಹಿಂಭಾಗದಲ್ಲಿವೆ. ಮೂಗಿನ ಭಾರ ಅಳೆಯುವುದು ಹೇಗೆ?
— ಓದುಗ, ಹರಿಹರ

ಉ: ನಿಮ್ಮೂರಿನಲ್ಲಿ ದಲ್ಲಾಳಿ ಮಂಡಿಯವರ ಚೀಲ ತೂಗುವ ಯಂತ್ರ ಇರುತ್ತದಲ್ಲ, ನೆಲದ ಮೇಲೆ ಕೂರುವ ಚೌಕ ತಟ್ಟೆಯದು, ಅದನ್ನು ಒಂದು ಗಂಟೆಗೆ ಕೇಳಿ ತನ್ನಿ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಸಾಮಾನು ತುಂಬಿ, ಟ್ಯಾಂಕಿಗೆ ನೀರು ತುಂಬಿ. ಆಮೇಲೆ ಮೂಗಿನ ಕೆಳಗೆ ಯಂತ್ರವಿಟ್ಟು, ಅದರ ಮೇಲೆ ಮರದ ತುಂಡೊಂದನ್ನು ನಿಲ್ಲಿಸಿ. ತುಂಡಿನ ಎತ್ತರ ಹೇಗಿರಬೇಕೆಂದರೆ, ಪಿಕಪ್ಪಿಗೆ ಸಿಕ್ಕಿಸಿದಾಗ ಮೂಗು ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ. ಮೂಗು ಮೇಲೆ ಮಾಡಿ ತೂಗಿದರೆ ಯಂತ್ರ ಕಡಿಮೆ ತೋರಿಸುತ್ತದೆ. ಜಾಕ್ ಮೆಲ್ಲಗೆ ಇಳಿಸಿ, ಜಾಕಿನ ಕಾಲು ನೆಲ ಬಿಟ್ಟ ಮೇಲೆ ಅಂಕಿ ಓದಿ.

ನಿಮ್ಮ 700ಕ್ಕೆ ಮೂಗಿನ ಭಾರ 70 ಆದರೂ ಬೇಕು, ಅದಕ್ಕಿಂತ ಕಡಿಮೆ ಬರುವುದಿಲ್ಲ ಅಂತ ಎಣಿಸಬೇಡಿ. ಭಾರವಾದದ್ದೆಲ್ಲ ಹಿಂದಿಟ್ಟವರಿಗೆ 30 ಬಂದರೂ ಆಶ್ಚರ್ಯವಿಲ್ಲ. ಬಂದರೆ ಗಾಬರಿಯಾಗಿ ಆಕ್ಸಲ್ ಕತ್ತರಿಸಲು ಹೋಗಬೇಡಿ, ಮೊದಲು ಟ್ಯಾಂಕ್ ನೋಡಿ. ಕೊಕ್ಕೆಯಿಂದ ಆಕ್ಸಲ್‌ಗೆ 3 ಮೀಟರ್ ಇದೆ ಅಂದುಕೊಳ್ಳಿ. ಆಕ್ಸಲ್‌ಗಿಂತ 1 ಮೀಟರ್ ಹಿಂದಿರುವ 60 ಕೆ.ಜಿ. ನೀರು ಮೂಗನ್ನು 20 ಕೆ.ಜಿ.ಯಷ್ಟು ಮೇಲಕ್ಕೆತ್ತುತ್ತದೆ. ಅದೇ ಟ್ಯಾಂಕನ್ನು ಆಕ್ಸಲ್‌ಗಿಂತ 1 ಮೀಟರ್ ಮುಂದೆ ಕೂರಿಸಿದರೆ 20 ಕೆ.ಜಿ. ಕೆಳಕ್ಕೊತ್ತುತ್ತದೆ. ಒಟ್ಟು 40ರ ಬದಲಾವಣೆ. 30 ಇದ್ದದ್ದು 70 ಆಯಿತು, ನೂರಕ್ಕೆ ಹತ್ತು. ಹಾಗಂತ ಆ ಟ್ಯಾಂಕ್ ದಾರಿಯಲ್ಲಿ ಖಾಲಿಯಾದರೆ ಮೂಗು ಮತ್ತೆ ಹಗುರ, ಅದನ್ನೂ ಲೆಕ್ಕಕ್ಕಿಡಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಿಕಪ್ಪಿನ ಕೊಕ್ಕೆಯ ಮೇಲಿನ ಕಬ್ಬಿಣದ ಗುಂಡು, ಅಂದರೆ ಬಾಲ್, ಮತ್ತು ಅದನ್ನು ಕಚ್ಚುವ ಕ್ಯಾರವಾನ್ ಮೂಗಿನ ಟೋಪಿ ಒಂದೇ ಅಳತೆಯವೇ ಅಂತ ಎರಡರ ಮೇಲೂ ಕೊರೆದ ಅಂಕಿ ಓದಿ. ಟೋಪಿ ದೊಡ್ಡದು, ಬಾಲ್ ಸಣ್ಣದು ಆದರೂ ಚಿಲಕ ಟಕ್ ಅಂತ ಬೀಳುತ್ತದೆ, ಹಾಕಿದವನಿಗೆ ಸಮಾಧಾನವಾಗುತ್ತದೆ, ಮೊದಲ ಹಂಪಿನಲ್ಲಿ ಟೋಪಿ ಎಗರಿ ಬಿಡುತ್ತದೆ. ಪರೀಕ್ಷೆ ಸುಲಭ: ಚಿಲಕ ಹಾಕಿ ಪಿನ್ ಚುಚ್ಚಿದ ಮೇಲೆ ಜಾಕನ್ನು ಮತ್ತೆ ಮೇಲಕ್ಕೆ ತಿರುಗಿಸಿ. ಪಿಕಪ್ಪಿನ ಹಿಂಭಾಗವೂ ಜೊತೆಗೇ ಏಳಬೇಕು. ಟೋಪಿ ಒಂದೇ ಮೇಲೆ ಬಂದರೆ ಹೊರಡಬೇಡಿ. ಸರಪಳಿ ಎರಡನ್ನೂ ಮೂಗಿನ ಕೆಳಗೆ ಕತ್ತರಿ ಹಾಕಿ ಕಟ್ಟಿ. ಕಳಚಿಕೊಂಡರೂ ಮೂಗು ರಸ್ತೆಗೆ ಊರದೆ ಸರಪಳಿಯ ಮೇಲೆ ಕೂರಲಿ ಅಂತ.

ಪ್ರ: ಆಷಾಢದಲ್ಲಿ ಚಿತ್ರದುರ್ಗ ದಾಟುವಾಗ, ಗುಡ್ಡದ ಮೇಲಿನ ಗಾಳಿಯಂತ್ರಗಳ ಹತ್ತಿರ, ಲಾರಿಯೊಂದು ಓವರ್‌ಟೇಕ್ ಮಾಡಿತು. ಕ್ಯಾರವಾನ್ ಹಾವಿನ ಹಾಗೆ ಆಡತೊಡಗಿತು. ಬ್ರೇಕ್ ಒತ್ತಬೇಕಿತ್ತೇ, ಸ್ಪೀಡ್ ಏರಿಸಬೇಕಿತ್ತೇ?
— ಓದುಗ, ಹಿರಿಯೂರು

ಉ: ಎರಡೂ ಬೇಡ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿದಿರಿ. ಬಾಲ ಎಡಕ್ಕೆ ಹೋಯಿತೆಂದು ಬಲಕ್ಕೆ, ಬಲಕ್ಕೆ ಹೋಯಿತೆಂದು ಎಡಕ್ಕೆ ತಿರುಗಿಸುತ್ತಾ ಹೋದರೆ ನೀವೇ ತಾಳ ಹಾಕಿ ಕುಣಿಸಿದ ಹಾಗೆ. ಕಾಲಿನ ಬ್ರೇಕ್ ಜೋರಾಗಿ ಒತ್ತಿದರೆ ಪಿಕಪ್ ನಿಲ್ಲಲು ನೋಡುತ್ತದೆ, ಹಿಂದಿನದು ನೂಕುತ್ತದೆ, ನಡುವೆ ಮಡಚಿಕೊಳ್ಳುತ್ತದೆ. ಕ್ಯಾರವಾನಿಗೆ ವಿದ್ಯುತ್ ಬ್ರೇಕ್ ಇದ್ದು, ಡ್ಯಾಶ್‌ಬೋರ್ಡಿನಲ್ಲಿ ಅದರ ಕಂಟ್ರೋಲರ್ ಇದ್ದರೆ, ಅದರ ಹಿಡಿಕೆಯನ್ನು ಮಾತ್ರ ಕೈಯಿಂದ ಮೆಲ್ಲಗೆ ಒತ್ತಿ. ಹಿಂದಿನ ಚಕ್ರಗಳಷ್ಟೇ ಹಿಡಿದುಕೊಂಡು ಗಾಡಿ ನೇರವಾಗುತ್ತದೆ. ಡ್ರಮ್ಮಿನೊಳಗೆ ವಿದ್ಯುತ್ ಅಯಸ್ಕಾಂತ ಇರುತ್ತದೆ. ಕರೆಂಟ್ ಹರಿದಾಗ ತಿರುಗುವ ಡ್ರಮ್ಮಿಗೆ ಅಂಟಿ, ಸನ್ನೆ ಎಳೆದು, ಶೂಗಳನ್ನು ಅಗಲಿಸುತ್ತದೆ. ವೈರು ತುಕ್ಕು ಹಿಡಿದರೆ ಆ ಬ್ರೇಕ್ ಇದ್ದೂ ಇಲ್ಲ, ಹೊರಡುವ ಮುನ್ನ ನಿಧಾನ ಓಡಿಸಿ ಆ ಹಿಡಿಕೆ ಒತ್ತಿ ನೋಡಿ.

ಲಾರಿಯನ್ನು ಬೈಯುವುದು ಬೇಡ. ದೊಡ್ಡ ಗಾಡಿ ಪಕ್ಕಕ್ಕೆ ಬಂದಾಗ ಅದರ ಮೂತಿಯ ಗಾಳಿ ಮೊದಲು ನೂಕುತ್ತದೆ, ದಾಟುವಾಗ ಎಳೆಯುತ್ತದೆ, ಇದು ಎಲ್ಲ ಕ್ಯಾರವಾನಿಗೂ ಆಗುವುದೇ. ಮೂಗಿನ ಭಾರ ಸರಿಯಿದ್ದರೆ ಒಂದೆರಡು ಸಲ ಅಲುಗಿ ಸುಮ್ಮನಾಗುತ್ತದೆ. ಹಿಂಭಾರ ಹೆಚ್ಚಿದ್ದು, ವೇಗವೂ ಮಿತಿ ದಾಟಿದ್ದರೆ ಪ್ರತಿ ಆಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತದೆ. ನಿಮ್ಮದು ಬೆಳೆಯಿತು ಅಂದರೆ ಮೇಲೆ ಹರಿಹರದವರಿಗೆ ಬರೆದದ್ದನ್ನು ನೀವೂ ಓದಿ. ಗಾಳಿ ದಿನ ಹೆದ್ದಾರಿ 48ರಲ್ಲಿ ಗಂಟೆಗೆ 70ರ ಮೇಲೆ ಹೋಗುವ ಅವಸರ ನಿಮಗೇನಿದೆ, ಮನೆ ಹಿಂದೆಯೇ ಬರುತ್ತಿದೆಯಲ್ಲ!

ಪ್ರ: ಟೊಯೋಟಾ ಹೈಲಕ್ಸ್ ಇದೆ. ಆಸ್ಟ್ರೇಲಿಯಾದ ವಿಡಿಯೊಗಳಲ್ಲಿ ಅದು 3,500 ಕೆ.ಜಿ. ಎಳೆಯುತ್ತದೆ. ನಾನೂ ಕ್ಯಾರವಾನ್ ಕಟ್ಟಿಕೊಂಡು ವಾಣಿವಿಲಾಸ ಸಾಗರದ ಕಡೆ ಹೋಗಬೇಕೆಂದಿದ್ದೇನೆ. ಆರ್‌ಟಿಒ ತಕರಾರು ಇದೆಯೇ?
— ಓದುಗ, ಚಳ್ಳಕೆರೆ

ಉ: 3,500 ಅನ್ನುವುದು ಸ್ವಂತ ಬ್ರೇಕ್ ಇರುವ ಟ್ರೇಲರಿಗೆ. ಬ್ರೇಕ್ ಇಲ್ಲದ್ದಕ್ಕೆ ಅದೇ ಆಸ್ಟ್ರೇಲಿಯಾದಲ್ಲಿ, ಅದೇ ಹೈಲಕ್ಸ್‌ಗೆ 750 ಕೆ.ಜಿ. ವಿಡಿಯೊದವರು ಎರಡನೆಯ ಅಂಕಿ ಹೇಳುವುದಿಲ್ಲ. ನಿಮಗೆ ಲೆಕ್ಕಕ್ಕೆ ಬರುವುದು ನಿಮ್ಮ ಗಾಡಿಯ ಜೊತೆ ಇಲ್ಲಿ ಕೊಟ್ಟ ಪುಸ್ತಕ. ಬಂಪರಿಗೆ ಬೋಲ್ಟ್ ಹಾಕಿದ ಅಲಂಕಾರದ ಕೊಕ್ಕೆಗೆ ಮನೆ ಕಟ್ಟಬೇಡಿ, ಚಾಸಿಗೆ ಕೂರುವಂಥದ್ದೇ ಆಗಬೇಕು.

ಕಾನೂನಿಗೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಂ ಪ್ರಕಾರ ಟ್ರೇಲರ್‌ಗೂ ಬೇರೆ ನೋಂದಣಿ ಆಗಬೇಕು, ಎಳೆಯುವ ಗಾಡಿಯ ನಂಬರ್ ಟ್ರೇಲರ್ ಮೇಲೂ ಕಾಣಬೇಕು. ನಿಮ್ಮದು ಕೆಎ-16 ಅಲ್ಲವೇ, ಕಟ್ಟಿಸುವ ಮೊದಲೇ ಚಿತ್ರದುರ್ಗದ ಕಚೇರಿಗೆ ನಕ್ಷೆ ಹಿಡಿದು ಹೋಗಿ. ಕಟ್ಟಿಸಿದ ಮೇಲೆ ಹೋದವರು ಅಲೆದಾಡುವುದನ್ನು ನೋಡಿದ್ದೇನೆ. ವಿಮೆಯಲ್ಲಿಯೂ ಟ್ರೇಲರ್ ಸೇರಿರಲಿ.

ಪ್ರ: ದಾರಿಯಲ್ಲಿ ಮಕ್ಕಳು ಕ್ಯಾರವಾನಿನೊಳಗೆ ಮಲಗಬಹುದೇ?
— ಗೃಹಿಣಿ, ಚನ್ನಗಿರಿ

ಉ: ಬೇಡಮ್ಮ. ಸೀಟಿಲ್ಲ, ಬೆಲ್ಟಿಲ್ಲ, ಒಳಗೆ ಗ್ಯಾಸ್ ಸಿಲಿಂಡರ್ ಬೇರೆ. ಓಡುವಾಗ ಸಿಲಿಂಡರಿನ ವಾಲ್ವ್ ಮುಚ್ಚಿರಲಿ, ಮಕ್ಕಳು ಪಿಕಪ್ಪಿನಲ್ಲೇ ಇರಲಿ.

ಪ್ರ: ಮುಂದಕ್ಕೆ ಚೆನ್ನಾಗಿ ಓಡಿಸುತ್ತೇನೆ. ರಿವರ್ಸ್ ಮಾತ್ರ ಬರುವುದೇ ಇಲ್ಲ.
— ಕಾಲೇಜು ಉಪನ್ಯಾಸಕ, ದಾವಣಗೆರೆ

ಉ: ಸರ್, ಎಪಿಎಂಸಿ ಗೇಟಿನ ಹತ್ತಿರ ಒಂದು ಬೆಳಿಗ್ಗೆ ನಿಂತು ನೋಡಿ. ಹುಡುಗರು ಬೀಡಿ ಬಾಯಲ್ಲಿಟ್ಟುಕೊಂಡೇ ಟ್ರ್ಯಾಕ್ಟರ್ ಟ್ರೇಲರನ್ನು ಎರಡು ಲಾರಿಗಳ ನಡುವೆ ಹಿಮ್ಮುಖ ತೂರಿಸುತ್ತಾರೆ. ಅವರು ಮಾಡುವುದು ಇಷ್ಟೇ. ಒಂದು ಕೈಯನ್ನು ಸ್ಟೇರಿಂಗಿನ ಕೆಳತುದಿಗೆ ಇಡುವುದು, ಬಾಲ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸುವುದು. ಬೆರಳಗಲ ಸರಿಸಿ, ಕಾಯಿರಿ, ಬಾಲ ತಿರುಗಿದ್ದು ಕನ್ನಡಿಯಲ್ಲಿ ಕಂಡ ಕೂಡಲೇ ವಾಪಸ್ ತನ್ನಿ. ಕ್ಯಾರವಾನ್ ಚಿಕ್ಕದಾದಷ್ಟೂ ಬೇಗ ಮಡಚಿಕೊಳ್ಳುತ್ತದೆ, ದೊಡ್ಡದೇ ಸುಲಭ. ಮಡಚಿಕೊಳ್ಳಲು ಶುರುವಾದರೆ ಹಿಂದಕ್ಕೆ ಹೋಗುತ್ತಲೇ ಸರಿಪಡಿಸುವ ಹಟ ಬಿಟ್ಟು ಮುಂದಕ್ಕೆ ಎಳೆದು ನೇರ ಮಾಡಿಕೊಳ್ಳಿ. ಕಲಿಯಲು ಭಾನುವಾರದ ಹೈಸ್ಕೂಲ್ ಮೈದಾನ ಸಾಕು, ಕ್ರಿಕೆಟ್ ಆಡುವವರು ಬರುವ ಮೊದಲು ಹೋಗಿ.